ಕಳೆ ತಿನ್ನುವ ಹುಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆಗೆ ಹುಳ ಬಿಡೋದು ಅಂದರೆ ಏನು?

ಎಲ್ಲಿಂದಲೋ ಬಂದು ಬೇಕಾಬಿಟ್ಟಿ ಹಬ್ಬಿದ ಗಿಡಕ್ಕೆ ಅದರ ತವರಿನಲ್ಲಿ ಯಾವ ಹುಳ ಕಾಟ ಕೊಡುತ್ತದೆ ಅಂತ ಮೊದಲು ಹುಡುಕುತ್ತಾರೆ. ಆ ಹುಳ ಬೇರೆ ಗಿಡಗಳ ತಂಟೆಗೆ ಹೋಗುವುದಿಲ್ಲ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾರೆ. ಆಮೇಲೆ ಸರ್ಕಾರದ ಒಪ್ಪಿಗೆ ಪಡೆದು ತಂದು ಬಿಡುತ್ತಾರೆ. ಹುಳ ನೆಲೆ ನಿಂತರೆ ಮುಂದಿನ ಕೆಲಸ ಅದರದ್ದೇ. ತಾನೇ ಮೊಟ್ಟೆ ಇಡುತ್ತದೆ, ತಾನೇ ಹರಡುತ್ತದೆ, ವರ್ಷ ವರ್ಷ ದುಡ್ಡು ಸುರಿಯಬೇಕಿಲ್ಲ. ಸುಮಾರು 90 ದೇಶಗಳಲ್ಲಿ 175 ಜಾತಿಯ ಕಳೆಗಳ ಮೇಲೆ ಈ ಪ್ರಯೋಗ ನಡೆದಿದೆ. ಹೀಗೆ ಬಿಟ್ಟ ಜೀವಿಗಳಲ್ಲಿ ಬಹುಪಾಲು ಕೀಟಗಳೇ. ಜೊತೆಗೆ ಕೆಲವು ನುಸಿ, ಕೆಲವು ಶಿಲೀಂಧ್ರಗಳೂ ಇವೆ.

ತವರಿನಲ್ಲಿ ಸುಮ್ಮನಿದ್ದ ಗಿಡ ಹೊಸ ಜಾಗದಲ್ಲಿ ಯಾಕೆ ಇಷ್ಟು ಹಬ್ಬುತ್ತದೆ?

ಗಿಡ ಬರುತ್ತದೆ, ಅದರ ಶತ್ರುಗಳು ಬರುವುದಿಲ್ಲ. ಮೆಕ್ಸಿಕೋದಲ್ಲಿ ಪಾರ್ಥೇನಿಯಂನ ಎಲೆಗೆ ಒಂದು ಹುಳ, ಕಾಂಡಕ್ಕೆ ಇನ್ನೊಂದು, ಬೀಜಕ್ಕೆ ಮತ್ತೊಂದು ಕಾದು ಕೂತಿರುತ್ತವೆ. ಬೀಜವಾಗಿ ಕಡಲು ದಾಟಿದಾಗ ಇವೆಲ್ಲ ಹಿಂದೆ ಉಳಿಯುತ್ತವೆ. ಹೊಸ ಜಾಗದ ಹುಳಗಳಿಗೆ ಈ ಗಿಡದ ವಿಷ, ವಾಸನೆ ಯಾವುದೂ ಪರಿಚಯವಿಲ್ಲ, ಹಾಗಾಗಿ ಮುಟ್ಟುವುದಿಲ್ಲ. ಎಲ್ಲ ಗಿಡಗಳ ಗೆಲುವಿಗೂ ಇದೊಂದೇ ಕಾರಣ ಅಂತ ಹೇಳಲಾಗದು. ಕೆದಕಿದ ನೆಲ, ಕೊಳಕು ನೀರು, ದನಕರು ಅತಿಯಾಗಿ ಮೇಯುವುದು ಇವೂ ದಾರಿ ಮಾಡಿಕೊಡುತ್ತವೆ. ಮುಂದೆ ನೋಡುವ ಸೋಲುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟಿದವು.

ಇದು ಹೊಸ ವಿದ್ಯೆಯಾ?

ಅಲ್ಲ. ಶುರುವಾಗಿದ್ದೇ ಒಂದು ಎಡವಟ್ಟಿನಿಂದ. 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟ ತರಿಸಿದರು. ಬಟ್ಟೆಗೆ ಬಣ್ಣ ಹಾಕುವ ವ್ಯಾಪಾರದ ಆಸೆ. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಾಗಿರಲಿಲ್ಲ, ಅದರ ಕಾಡು ನೆಂಟ. ಬಣ್ಣದ ವ್ಯಾಪಾರ ಕುದುರಲಿಲ್ಲ. ಆದರೆ ಹುಳ ಮಾತ್ರ ಒಂದು ಜಾತಿಯ ಪಾಪಸುಕಳ್ಳಿಯ ರಸ ಹೀರಿ ಅದನ್ನು ಒಣಗಿಸುತ್ತಾ ಹೋಯಿತು. ಇದನ್ನು ಗಮನಿಸಿ 1836–38ರಲ್ಲಿ ಬೇಕಂತಲೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಕೀಟ ಬಿಟ್ಟು ಕಳೆ ಹತೋಟಿಗೆ ತಂದ ಮೊದಲ ದಾಖಲೆ ಅಂತ ಇದನ್ನೇ ಹೇಳುತ್ತಾರೆ.

ಕಳ್ಳಿಯ ಮೇಲೆ ಬಿಳಿ ಹತ್ತಿಯ ಚೂರು ಅಂಟಿದ ಹಾಗೆ ಕಂಡರೆ ಈ ಕುಟುಂಬದ ಹುಳ ಇರಬಹುದು. ಉಗುರಿನಿಂದ ಒತ್ತಿದರೆ ಗಾಢ ಕೆಂಪು ರಸ ಬರುತ್ತದೆ.

ಮೊದಲೇ ಯೋಜನೆ ಹಾಕಿ, ಕಳೆಯ ತವರಿಗೆ ಹೋಗಿ ಹುಳ ಹುಡುಕಿ ತಂದದ್ದು ಹವಾಯಿಯಲ್ಲಿ. 1902ರಲ್ಲಿ ಆಲ್ಬರ್ಟ್ ಕೋಬೆಲ್ ಮೆಕ್ಸಿಕೋದಿಂದ ಲಂಟಾನ ತಿನ್ನುವ ಕೀಟಗಳನ್ನು ಕಳಿಸಿದರು.

ಹುಳ ಗಿಡವನ್ನು ನಿಜವಾಗಿ ಸಾಯಿಸುತ್ತದಾ?

ಕೆಲವೊಮ್ಮೆ. ಬಹಳ ಸಲ ಸಾಯಿಸುವುದಿಲ್ಲ, ಸೊರಗಿಸುತ್ತದೆ. ಆ ಸೊರಗುವಿಕೆಯಲ್ಲೇ ಅರ್ಧ ಕೆಲಸ ಆಗಿಬಿಡುತ್ತದೆ.

ಕೆರೆಯ ಮೇಲೆ ಚಾಪೆ ಹಾಸಿದಂತೆ ತೇಲುವ ಜಲಕುಂಭಿ ಕಳೆಗೆ ಬಿಡುವ ನಿಯೊಕೆಟಿನ ಅನ್ನುವ ಮೂತಿಹುಳವನ್ನೇ (ಉದ್ದ ಮೂತಿಯ ಸಣ್ಣ ಜೀರುಂಡೆ) ನೋಡಿ. ದೊಡ್ಡ ಹುಳ ರಾತ್ರಿ ಹೊತ್ತು ಎಲೆಯ ಮೇಲ್ಪದರ ಕೆರೆದು ತಿನ್ನುತ್ತದೆ. ಬೆಳಿಗ್ಗೆ ಎಲೆ ತುಂಬ ಚಿಕ್ಕ ಚಿಕ್ಕ ಚೌಕದ ಕಲೆಗಳು. ನೋಡಲು ಅಂಥ ದೊಡ್ಡ ಗಾಯವೇನಲ್ಲ. ನಿಜವಾದ ಕೆಲಸ ನಡೆಯುವುದು ಒಳಗೆ. ಎಲೆಯ ದಂಟಿನಲ್ಲಿಟ್ಟ ಮೊಟ್ಟೆ ಒಡೆದು ಬಂದ ಮರಿಹುಳ, ದಂಟನ್ನು ಕೊರೆಯುತ್ತಾ ಕೆಳಗಿಳಿದು ಗಿಡದ ಬುಡದಲ್ಲಿರುವ ಚಿಗುರಿನ ಜಾಗಕ್ಕೆ ಬರುತ್ತದೆ. ಕೊರೆದ ದಂಟಿಗೆ ನೀರು ತುಂಬುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ಹಿಂದೆಯೇ ಬರುತ್ತವೆ. ಕೊನೆಗೆ ಮರಿಹುಳ ನೀರಿನೊಳಗೆ ಬೇರಿಗೆ ಅಂಟಿಕೊಂಡು ಕೋಶ ಕಟ್ಟುತ್ತದೆ. ಹೀಗೆ ಕಾಟ ಮುಂದುವರಿದರೆ ಎಲೆಗಳು ಗಿಡ್ಡವಾಗುತ್ತವೆ, ಹೂವು ಕಡಿಮೆಯಾಗುತ್ತದೆ, ಪಕ್ಕದಲ್ಲಿ ಹುಟ್ಟುವ ಮರಿ ಗಿಡಗಳು ಕಡಿಮೆಯಾಗುತ್ತವೆ. ಒತ್ತೊತ್ತಾಗಿ ನಿಂತಿದ್ದ ಚಾಪೆ ಸಡಿಲವಾಗಿ ಗಾಳಿಗೆ, ಅಲೆಗೆ ಒಡೆಯುತ್ತದೆ. ಕೆಲವು ಗಿಡ ಭಾರವಾಗಿ ಮುಳುಗುತ್ತವೆ.

ವಿಕ್ಟೋರಿಯಾ ಸರೋವರದಲ್ಲಿ ಹೀಗೇ ಆಯಿತು. ಉಗಾಂಡದ ಕಡೆ 1995ರ ಕೊನೆಗೆ ಹುಳ ಬಿಟ್ಟರು. 1998–99ರ ಹೊತ್ತಿಗೆ ಜಲಕುಂಭಿ ಕುಸಿಯಿತು. ಆ ನಡುವೆ ಎಲ್ ನಿನೊ ತಂದ ಮಳೆ ಮತ್ತು ಅಲೆಗಳ ಹೊಡೆತದ ಪಾಲೆಷ್ಟು, ಹುಳದ ಪಾಲೆಷ್ಟು ಅನ್ನುವ ವಾದ ವಿಜ್ಞಾನಿಗಳ ನಡುವೆ ನಡೆದೇ ಇದೆ. ನನಗೆ ಕಾಣುವಂತೆ ಎರಡನ್ನೂ ಬೇರೆ ಮಾಡಿ ನೋಡುವುದೇ ಸರಿಯಲ್ಲ. ಹುಳ ತಿಂದು ಸಡಿಲ ಮಾಡಿದ ಚಾಪೆಯನ್ನು ಅಲೆ ಸುಲಭವಾಗಿ ಒಡೆಯುತ್ತದೆ, ಅಲ್ವಾ?

ಎಲೆ ತಿಂದರೆ ಗಿಡ ಮತ್ತೆ ಚಿಗುರುತ್ತದಲ್ಲ, ಏನು ಪ್ರಯೋಜನ?

ಚಿಗುರುತ್ತದೆ. ಸ್ವಲ್ಪ ತಿಂದರೆ ಕೆಲವು ಗಿಡಗಳು ಮೊದಲಿಗಿಂತ ಜೋರಾಗಿ ಕವಲೊಡೆಯುವುದೂ ಉಂಟು. ಆದರೆ ಆ ಚಿಗುರು ಪುಕ್ಕಟೆ ಬರುವುದಿಲ್ಲ. ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟ ಆಹಾರ ಖರ್ಚಾಗುತ್ತದೆ. ದುಡಿಮೆ ನಿಂತ ಮೇಲೆ ಕೂಡಿಟ್ಟ ದುಡ್ಡಿನಲ್ಲಿ ಮನೆ ನಡೆಸಿದ ಹಾಗೆ. ಒಂದು ತಿಂಗಳು ನಡೆಯುತ್ತದೆ, ಎರಡು ತಿಂಗಳು ನಡೆಯುತ್ತದೆ, ಆಮೇಲೆ ಕಷ್ಟ. ಹಾಗಾಗಿ ಒಮ್ಮೆ ಎಷ್ಟು ತಿಂದಿತು ಅನ್ನುವುದಕ್ಕಿಂತ, ಚಿಗುರಿದಾಗೆಲ್ಲ ಮತ್ತೆ ಬಂದು ತಿನ್ನುತ್ತದಾ ಅನ್ನುವುದು ಮುಖ್ಯ.

ಯಾವಾಗ ತಿಂದಿತು ಅನ್ನುವುದೂ ಅಷ್ಟೇ ಮುಖ್ಯ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಬೋಳಾದರೆ ಬೀಜ ತುಂಬಾ ಕಡಿಮೆಯಾಗುತ್ತದೆ. ಬೀಜ ಉದುರಿಸಿದ ಮೇಲೆ ಅದೇ ಗಿಡವನ್ನು ಪೂರ್ತಿ ತಿಂದು ಮುಗಿಸಿದರೂ ಮುಂದಿನ ಮಳೆಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ಮಾತು. ಸೊರಗಿದ ಗಿಡ ಒಂಟಿಯಾಗಿ ಬೆಳೆಯುವುದಿಲ್ಲ. ಪಕ್ಕದಲ್ಲಿ ಹುಲ್ಲು, ಬೇರೆ ಗಿಡಗಳು ಪೈಪೋಟಿಗೆ ನಿಂತಿದ್ದರೆ ಹುಳ ಮಾಡಿದ ಸಣ್ಣ ಗಾಯವೂ ದೊಡ್ಡದಾಗುತ್ತದೆ. ಬೋಳು ನೆಲದಲ್ಲಿ ಅದೇ ಗಾಯ ಲೆಕ್ಕಕ್ಕೇ ಬರುವುದಿಲ್ಲ.

ಗಂಟು ಕಟ್ಟಿಸುವ ಹುಳಗಳು ಏನು ಮಾಡುತ್ತವೆ?

ಇವು ಗಿಡದ ಆಹಾರವನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತವೆ. ಯುಪಟೋರಿಯಂ ಅಂತ ಹಳಬರು ಕರೆಯುವ ಕ್ರೊಮೊಲೀನ ಗಿಡಕ್ಕೆ ಸೆಸಿಡೊಕ್ಯಾರಿಸ್ ಅನ್ನುವ ನೊಣವಿದೆ. ಹೆಣ್ಣು ನೊಣ ಕುಡಿಯೊಳಗೆ ಮೊಟ್ಟೆ ಇಡುತ್ತದೆ. ಆ ಜಾಗ ಉಬ್ಬಿ ಗಟ್ಟಿ ಗಂಟಾಗುತ್ತದೆ. ಒಳಗೆ ಪ್ರತಿ ಮರಿಗೂ ಬೇರೆ ಬೇರೆ ಕೋಣೆ. ಕೋಶ ಕಟ್ಟುವ ಮೊದಲು ಮರಿಹುಳ ಹೊರಬರುವ ದಾರಿ ಕೊರೆದು, ತೊಗಟೆಯ ತೆಳು ಪದರವೊಂದನ್ನು ಮಾತ್ರ ಕಿಟಕಿಯ ಹಾಗೆ ಬಿಟ್ಟಿರುತ್ತದೆ. ರೆಕ್ಕೆ ಬಂದ ಮೇಲೆ ಅದನ್ನು ತಳ್ಳಿ ಹೊರಗೆ! ಕುಡಿಗೆ ಹೋಗಬೇಕಾದ ಆಹಾರ ಗಂಟಿಗೆ ಹೋಗುವುದರಿಂದ ಗಿಡ ಗಿಡ್ಡವಾಗುತ್ತದೆ, ಹೂವು ಇಳಿಯುತ್ತದೆ. ಪಪುವಾ ನ್ಯೂಗಿನಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ. ಭಾರತದಲ್ಲೂ 2005ರಲ್ಲಿ ಬಿಟ್ಟಿದ್ದಾರೆ.

ಬೀಜ ತಿನ್ನುವ ಹುಳ ಬಿಟ್ಟರೆ ಸಾಕಲ್ವಾ?

ಸಾಮಾನ್ಯವಾಗಿ ಸಾಲದು. ಲಕ್ಷ ಬೀಜದಲ್ಲಿ ತೊಂಬತ್ತು ಸಾವಿರ ತಿಂದರೂ ಉಳಿದ ಹತ್ತು ಸಾವಿರವೇ ನೆಲ ತುಂಬಲು ಬೇಕಾದಷ್ಟಾಯಿತು. ಮಣ್ಣಿನಲ್ಲಿ ಹಳೆಯ ಬೀಜದ ದಾಸ್ತಾನು ಬೇರೆ ಇರುತ್ತದೆ.

ದಕ್ಷಿಣ ಆಫ್ರಿಕದಲ್ಲಿ ಹಬ್ಬಿದ ಸೆಸ್ಬೇನಿಯ ಪುನಿಸಿಯ ಅನ್ನುವ ಕಳೆಗಿಡ ಇದಕ್ಕೆ ಒಳ್ಳೆಯ ಪಾಠ. ಒಂದು ಮೂತಿಹುಳ ಮೊಗ್ಗು ತಿಂದು ಹೆಚ್ಚುಕಡಿಮೆ ಎಲ್ಲ ಬೀಜವನ್ನೂ ತಡೆಯಿತು. ಆದರೂ ದಟ್ಟವಾಗಿ ನಿಂತ ದೊಡ್ಡ ಗಿಡಗಳು ಹಾಗೇ ನಿಂತವು. ಎರಡನೆಯದು ಉಳಿದ ಬೀಜ ತಿಂದಿತು. ಮೂರನೆಯದು ಕಾಂಡ ಕೊರೆದು ದೊಡ್ಡ ಗಿಡಗಳನ್ನು ಬೀಳಿಸಿತು. ಮೂರೂ ಸೇರಿದ ಮೇಲೆ ಗಿಡ ಹತೋಟಿಗೆ ಬಂತು. ಹಾಗಂತ ಹುಳಗಳ ಸಂಖ್ಯೆ ಹೆಚ್ಚಿಸಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಲಂಟಾನಕ್ಕೆ ಜಗತ್ತಿನಾದ್ಯಂತ 40ರ ಆಸುಪಾಸು ಜಾತಿಯ ಜೀವಿಗಳನ್ನು ಬಿಟ್ಟಿದ್ದಾರೆ. ಲಂಟಾನ ಇನ್ನೂ ಇದೆ.

ಪೂರ್ತಿ ಗೆದ್ದ ಉದಾಹರಣೆ ಇದೆಯಾ?

ಆಸ್ಟ್ರೇಲಿಯದ ಪಾಪಸುಕಳ್ಳಿ. ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಬೇಸರವಿಲ್ಲ. 1925ರ ಹೊತ್ತಿಗೆ ಸುಮಾರು 6 ಕೋಟಿ ಎಕರೆಯಲ್ಲಿ ಕಳ್ಳಿ ಹಬ್ಬಿತ್ತು. ಜನ ಜಮೀನು ಬಿಟ್ಟು ಹೋದರು. ಅರ್ಜೆಂಟೀನದಿಂದ ಕ್ಯಾಕ್ಟೊಬ್ಲಾಸ್ಟಿಸ್ ಅನ್ನುವ ಸಾದಾ ಬೂದು ಪತಂಗದ ಮೊಟ್ಟೆ ತಂದರು. ತಂದದ್ದು 2,750 ಮೊಟ್ಟೆ, ಅಷ್ಟೇ. ಅದನ್ನೇ ಸಾಕಿ ಕೋಟಿಗಟ್ಟಲೆ ಮಾಡಿ 1926ರಿಂದ ಬಿಡತೊಡಗಿದರು.

ಈ ಪತಂಗ ಮೊಟ್ಟೆಗಳನ್ನು ಒಂದರ ಮೇಲೊಂದು ಅಂಟಿಸಿ ಕಡ್ಡಿಯ ಹಾಗೆ ಇಡುತ್ತದೆ. ದೂರದಿಂದ ಅದೂ ಕಳ್ಳಿಯ ಮುಳ್ಳೇ ಅನ್ನಿಸುತ್ತದೆ. ಮರಿಗಳು ಗುಂಪಾಗಿ ಒಂದೇ ತೂತು ಕೊರೆದು ಒಳಗೆ ನುಗ್ಗುತ್ತವೆ. ಒಂಟಿ ಮರಿಗೆ ಕಳ್ಳಿಯ ಲೋಳೆ ದಾಟುವುದು ಕಷ್ಟ, ಗುಂಪಿಗೆ ಸುಲಭ. ಒಳಗೆ ತಿರುಳನ್ನು ತಿಂದು ಟೊಳ್ಳು ಮಾಡುತ್ತವೆ, ಉಳಿದದ್ದು ಕೊಳೆತು ಕುಸಿಯುತ್ತದೆ. 1930ರ ದಶಕದ ಆರಂಭಕ್ಕೆ ದಟ್ಟ ಕಳ್ಳಿಕಾಡು ನೆಲಕಚ್ಚಿತು. ತಿನ್ನಲು ಕಳ್ಳಿ ಇಲ್ಲದೆ ಪತಂಗವೂ ಕಡಿಮೆಯಾಯಿತು. ಕಳ್ಳಿ ಮತ್ತೆ ಚಿಗುರಿ ತಲೆ ಎತ್ತಿದಾಗ ಪತಂಗವೂ ಹಿಂದೆಯೇ ಏರಿ ಎರಡನೇ ಸಲ ಬೀಳಿಸಿತು. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗದಲ್ಲಿ ಈ ಹುಳದ ಹೆಸರಿನಲ್ಲೇ ಒಂದು ಸಮುದಾಯ ಭವನ ಕಟ್ಟಿದ್ದಾರೆ.

ಇಷ್ಟಾದರೂ ಅಲ್ಲಿ ಕಳ್ಳಿ ಅಳಿದಿಲ್ಲ. ಅಲ್ಲೊಂದು ಇಲ್ಲೊಂದು ಇದ್ದೇ ಇದೆ, ಜೊತೆಗೆ ಪತಂಗವೂ ಇದೆ. ‘ಪೂರ್ತಿ ಗೆಲುವು’ ಅಂದರೆ ಈ ಕ್ಷೇತ್ರದಲ್ಲಿ ಇದೇ. ಒಂದೂ ಗಿಡ ಉಳಿಯಬಾರದು ಅನ್ನುವವರು ಹುಳದ ತಂಟೆಗೆ ಹೋಗದಿರುವುದು ಒಳ್ಳೆಯದು.

ಒಂದೇ ಹುಳ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುವುದೇಕೆ?

ಕಾರಣ ಬಹಳ. ಮೊದಲನೆಯದು, ಗಿಡವನ್ನೇ ತಪ್ಪಾಗಿ ಗುರುತಿಸುವುದು. ಸಾಲ್ವಿನಿಯ ಅನ್ನುವ ತೇಲುವ ಜರೀಗಿಡವನ್ನು ಬಹಳ ಕಾಲ ಅದರ ಹತ್ತಿರದ ಜಾತಿ ಅಂದುಕೊಂಡಿದ್ದರು. ಆ ಜಾತಿಯಿಂದ ತಂದ ಮೂತಿಹುಳ ಏನೂ ಮಾಡಲಿಲ್ಲ. 1972ರಲ್ಲಿ ಇದು ಬೇರೆಯೇ ಜಾತಿ ಅಂತ ತೀರ್ಮಾನವಾಯಿತು. 1978ರಲ್ಲಿ ಅದರ ನಿಜವಾದ ತವರು ಆಗ್ನೇಯ ಬ್ರೆಜಿಲ್‌ನಲ್ಲಿ ಸಿಕ್ಕಿತು. ಅಲ್ಲಿ ಸಿಕ್ಕ ಮೂತಿಹುಳ ನೋಡಲು ಹಳೆಯದರಂತೆಯೇ ಇತ್ತು, ಆದರೆ ಅದೂ ಬೇರೆ ಜಾತಿ. 1980ರಲ್ಲಿ ಆಸ್ಟ್ರೇಲಿಯದ ಮೂಂಡಾರ ಸರೋವರದಲ್ಲಿ ಬಿಟ್ಟರು. ಒಂದು ವರ್ಷ ಚಿಲ್ಲರೆ ಸಮಯದಲ್ಲಿ ಸುಮಾರು 200 ಹೆಕ್ಟೇರ್ ಕಳೆ ಹೋಯಿತು.

ಎರಡನೆಯದು ಗಿಡದ ಪೌಷ್ಟಿಕತೆ. ಅದೇ ಹುಳವನ್ನು ಪಪುವಾ ನ್ಯೂಗಿನಿಯ ಸೆಪಿಕ್ ನದಿ ಬಯಲಿನಲ್ಲಿ ಬಿಟ್ಟಾಗ ಮೊದಲು ನೆಲೆ ನಿಲ್ಲಲಿಲ್ಲ. ಗಿಡದಲ್ಲಿ ಸಾರಜನಕ ಕಡಿಮೆ ಇತ್ತು, ಹುಳಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ. ಆಗ ಮಾಡಿದ್ದೇನು ಗೊತ್ತಾ? ಕಳೆಗೇ ಯೂರಿಯಾ ಹಾಕಿದರು! ಗಿಡ ಹಸಿರಾಯಿತು, ಹುಳ ಹೆಚ್ಚಿತು, ಆಮೇಲೆ ಗೊಬ್ಬರದ ಹಂಗಿಲ್ಲದೆ ಹರಡಿತು. ಸುಮಾರು 250 ಚದರ ಕಿಲೋಮೀಟರ್ ಇದ್ದ ಕಳೆ ಕೆಲವೇ ವರ್ಷಗಳಲ್ಲಿ 2 ಚದರ ಕಿಲೋಮೀಟರಿಗೆ ಇಳಿಯಿತು.

ಸಾರಜನಕ ಅತಿಯಾದರೆ ಕಥೆ ತಿರುಗುಮುರುಗು. ಚರಂಡಿ ನೀರು ಸೇರುವ ಕೆರೆಯಲ್ಲಿ ಜಲಕುಂಭಿ ಎಷ್ಟು ವೇಗವಾಗಿ ಬೆಳೆಯುತ್ತದೆ ಅಂದರೆ, ಹುಳ ಒಂದು ಎಲೆ ಮುಗಿಸುವಷ್ಟರಲ್ಲಿ ಹೊಸ ಎಲೆ ಸಿದ್ಧ. ನೀರಿಗೆ ಕೊಳಚೆ ಬಿಡುವುದನ್ನು ನಿಲ್ಲಿಸದೆ ಹುಳದ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ.

ಬಿಸಿಲು ನೆರಳೂ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯದಲ್ಲಿ 1940ರ ದಶಕದಲ್ಲಿ ಕ್ಲಾಮತ್ ಕಳೆಗೆ ಬಿಟ್ಟ ಜೀರುಂಡೆ ಬಿಸಿಲಿನ ಹುಲ್ಲುಗಾವಲನ್ನು ಖಾಲಿ ಮಾಡಿತು, ಮರದ ನೆರಳಿನಲ್ಲಿದ್ದ ಗಿಡಗಳನ್ನು ಬಿಟ್ಟಿತು. ಈಗ ನೋಡಿದವರಿಗೆ ಇದು ನೆರಳಿನ ಗಿಡ ಅಂತಲೇ ಅನ್ನಿಸಬೇಕು. ಅಲಿಗೇಟರ್ ಕಳೆಯ ಜೀರುಂಡೆ ನೀರಿನ ಮೇಲಿನ ಗಿಡದ ಟೊಳ್ಳು ಕಾಂಡದಲ್ಲಿ ಕೋಶ ಕಟ್ಟುತ್ತದೆ. ಅದೇ ಗಿಡ ದಡ ಹತ್ತಿದರೆ ಕಾಂಡ ಸಣ್ಣ, ಹುಳಕ್ಕೆ ಒಳಗೆ ಜಾಗವಿಲ್ಲ.

ಲಂಟಾನದ ತೊಂದರೆ ಬೇರೆಯೇ. ತೋಟದ ಹೂಗಿಡವಾಗಿ ತಳಿ ಬೆರೆಸಿ ಬೆರೆಸಿ ಅದಕ್ಕೆ ಸರಿಯಾದ ತವರೇ ಇಲ್ಲ. ಒಂದು ಬಣ್ಣದ ಹೂವಿನ ಗಿಡಕ್ಕೆ ಒಗ್ಗುವ ಹುಳ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಪಾರ್ಥೇನಿಯಂ ಜೀರುಂಡೆ ಕೆಲಸ ಮಾಡುತ್ತಾ?

ಮಾಡುತ್ತದೆ, ಮಳೆಗಾಲದಲ್ಲಿ. ಜೈಗೋಗ್ರಾಮ ಅನ್ನುವ ಈ ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೋದಿಂದ ಭಾರತಕ್ಕೆ ತಂದು, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆನೆ ಬಣ್ಣದ ಬೆನ್ನು, ಅದರ ಮೇಲೆ ಅಂಕುಡೊಂಕು ಕಂದು ಗೆರೆ. ಎಳೆ ಮರಿಗಳು ಕುಡಿಯಲ್ಲಿ ಸೇರಿಕೊಂಡು ತಿನ್ನುತ್ತವೆ, ಬಲಿತವು ಎಲೆಗೆ ಬರುತ್ತವೆ, ಆಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತವೆ. ಮಳೆ ಮುಗಿದ ಮೇಲೆ ದೊಡ್ಡ ಜೀರುಂಡೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ನಿದ್ದೆ ಹೋಗುತ್ತವೆ. ಪಾರ್ಥೇನಿಯಂಗೆ ನಿದ್ದೆಯಿಲ್ಲ, ತೇವ ಸಿಕ್ಕಿದಲ್ಲೆಲ್ಲ ವರ್ಷಪೂರ್ತಿ ಹುಟ್ಟುತ್ತದೆ. ಅಂತರ ಇರುವುದು ಅಲ್ಲೇ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಒಂದು ಮಳೆಗಾಲ ಬೋಳಾದ ಜಾಗ ಮುಂದಿನ ವರ್ಷ ಮತ್ತೆ ಹಸಿರಾದರೆ ಹುಳ ಸೋತಿತು ಅಂತ ತೀರ್ಮಾನ ಮಾಡಬೇಡಿ.

ಕಳೆ ಮುಗಿದ ಮೇಲೆ ಬೆಳೆಗೆ ಬರಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಕೇಳಲೇಬೇಕಾದ್ದೂ ಹೌದು.

ಬಿಡುವ ಮೊದಲು ಹುಳಕ್ಕೆ ಬೇರೆ ಗಿಡಗಳನ್ನು ಕೊಟ್ಟು ನೋಡುತ್ತಾರೆ. ಕಳೆಯ ಹತ್ತಿರದ ಸಂಬಂಧಿಗಳಿಂದ ಶುರು ಮಾಡಿ ದೂರದ ಗಿಡಗಳ ತನಕ. ಒಂದು ಪರೀಕ್ಷೆಯಲ್ಲಿ ಬೇರೆ ಗಿಡವನ್ನು ಮಾತ್ರ ಇಡುತ್ತಾರೆ: ತಿನ್ನು, ಇಲ್ಲವೇ ಸಾಯಿ. ಇನ್ನೊಂದರಲ್ಲಿ ಎರಡನ್ನೂ ಇಟ್ಟು ಯಾವುದನ್ನು ಆರಿಸುತ್ತದೆ ಅಂತ ನೋಡುತ್ತಾರೆ. ತಿನ್ನುವುದಕ್ಕಿಂತ ಮುಖ್ಯವಾದದ್ದು, ಆ ಗಿಡದ ಮೇಲೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯುತ್ತದಾ ಅನ್ನುವುದು. ಎಪಿಬ್ಲೆಮ ಅನ್ನುವ ಪತಂಗ ಆಸ್ಟ್ರೇಲಿಯದಲ್ಲಿ ಪಾರ್ಥೇನಿಯಂ ಕಾಂಡದಲ್ಲಿ ಗಂಟು ಕಟ್ಟಿಸಿ ಒಳ್ಳೆಯ ಕೆಲಸ ಮಾಡಿತ್ತು. ಭಾರತದಲ್ಲಿ ಪರೀಕ್ಷಿಸಿದಾಗ ಹುಚ್ಚೆಳ್ಳಿನ ಮೇಲೂ ಬೆಳೆಯಿತು. ಬಿಡಲಿಲ್ಲ. ಆಸ್ಟ್ರೇಲಿಯದಲ್ಲಿ ಸರಿಯಾದದ್ದು ಹುಚ್ಚೆಳ್ಳು ಬೆಳೆಯುವ ದೇಶಕ್ಕೆ ಸರಿಯಲ್ಲ.

ಇಷ್ಟೆಲ್ಲ ಮಾಡಿದರೂ ಗಾಬರಿ ಹುಟ್ಟಿಸುವ ಘಟನೆಗಳು ನಡೆಯುತ್ತವೆ. 1990ರ ದಶಕದ ಆರಂಭದಲ್ಲಿ ಜೈಗೋಗ್ರಾಮ ಸೂರ್ಯಕಾಂತಿ ಎಲೆ ತಿನ್ನುತ್ತಿದೆ ಅಂತ ದೊಡ್ಡ ಗಲಾಟೆಯಾಯಿತು. ಬಿಡುವುದನ್ನೇ ನಿಲ್ಲಿಸಿದರು. ಪರೀಕ್ಷಿಸಿದಾಗ, ಪಕ್ಕದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಉದುರಿದಾಗ ಜೀರುಂಡೆ ಅದನ್ನು ಕಚ್ಚುತ್ತದೆ, ಸೂರ್ಯಕಾಂತಿಯನ್ನೇ ನಂಬಿ ಬಾಳುವುದಿಲ್ಲ ಅಂತ ತಿಳಿಯಿತು. 1999ರಲ್ಲಿ ತಡೆ ತೆಗೆದರು. ಉಗಾಂಡದಲ್ಲಿ 1960ರ ದಶಕದಲ್ಲಿ ಲಂಟಾನ ತಿಂದು ಮುಗಿಸಿದ ತಿಗಣೆಯೊಂದು ಪಕ್ಕದ ಎಳ್ಳಿನ ಹೊಲಕ್ಕೆ ಹರಿದದ್ದೂ ಉಂಟು. ಇಂಥ ಹರಿವು ಹೆಚ್ಚಾಗಿ ತಾತ್ಕಾಲಿಕ. ಆದರೆ ಆ ಹೊಲದವರಿಗೆ ಆ ವರ್ಷದ ನಷ್ಟ ನಷ್ಟವೇ.

ಕಾಡಿನ ಗಿಡಗಳಿಗೆ ತೊಂದರೆಯಾಗಿಲ್ಲವೇ?

ಆಗಿದೆ, ಮುಚ್ಚಿಡುವುದೇನೂ ಇಲ್ಲ. ಅಮೆರಿಕದಲ್ಲಿ 1969ರಿಂದ ಮುಳ್ಳುಗಿಡವೊಂದಕ್ಕೆ ಬಿಟ್ಟ ರೈನೊಸಿಲಸ್ ಮೂತಿಹುಳ ಅಲ್ಲಿನ ಸ್ವಂತ ಮುಳ್ಳುಗಿಡಗಳ ಬೀಜವನ್ನೂ ತಿಂದಿತು. ಅವುಗಳ ಮೇಲೂ ಬೆಳೆಯಬಲ್ಲದು ಅಂತ ಬಿಡುವ ಮೊದಲೇ ಗೊತ್ತಿತ್ತು. ಕಾಡಿನ ಮುಳ್ಳುಗಿಡ ಯಾರಿಗೆ ಬೇಕು ಅನ್ನುವ ಕಾಲ ಅದು. ಈಗಾದರೆ ಅದಕ್ಕೆ ಒಪ್ಪಿಗೆ ಸಿಗುವುದು ಕಷ್ಟ.

ಆಸ್ಟ್ರೇಲಿಯದಲ್ಲಿ ಹೀರೋ ಆದ ಕ್ಯಾಕ್ಟೊಬ್ಲಾಸ್ಟಿಸ್ ಕೂಡ ಇನ್ನೊಂದು ಕಡೆ ವಿಲನ್. 1957ರಲ್ಲಿ ಕೆರಿಬಿಯನ್ ದ್ವೀಪವೊಂದರಲ್ಲಿ ಬಿಟ್ಟದ್ದು 1989ರ ಹೊತ್ತಿಗೆ ಫ್ಲೋರಿಡಾ ಮುಟ್ಟಿತು. ಅಲ್ಲಿ ಕಳ್ಳಿಗಳು ಕಳೆಯಲ್ಲ, ಆ ನೆಲದವು. ಆಸ್ಟ್ರೇಲಿಯದಲ್ಲಿ ಸ್ವಂತ ಕಳ್ಳಿ ಒಂದೂ ಇರಲಿಲ್ಲ, ಹಾಗಾಗಿ ಅಲ್ಲಿ ಅಪಾಯವಿರಲಿಲ್ಲ.

ಗಿಡ ಬಿಟ್ಟು ಬೇರೆ ಜೀವಿಗಳ ಮೇಲೆ ಪರಿಣಾಮ?

ಹುಳ ಕಳೆಯನ್ನು ಹತೋಟಿಗೆ ತರದೆ ಸುಮ್ನೆ ಸಂಖ್ಯೆ ಬೆಳೆಸಿಕೊಂಡರೆ ತಾನೇ ಇನ್ನೊಬ್ಬರ ಊಟವಾಗುತ್ತದೆ. ಅಮೆರಿಕದ ಮೊಂಟಾನದಲ್ಲಿ ನ್ಯಾಪ್‌ವೀಡ್ ಕಳೆಯ ಹೂವಿನಲ್ಲಿ ಗಂಟು ಕಟ್ಟುವ ನೊಣದ ಮರಿಗಳು ಇಲಿಗಳಿಗೆ ಚಳಿಗಾಲದ ಹಬ್ಬವಾದವು. ಇಲಿಗಳು ಹೆಚ್ಚಿದವು, ಅವು ಹೊರುವ, ಮನುಷ್ಯರಿಗೂ ಕಾಯಿಲೆ ತರುವ ಹಂಟಾ ವೈರಸ್ಸೂ ಹೆಚ್ಚಿತು. ಕಳೆ ಮಾತ್ರ ಇದ್ದಲ್ಲೇ ಇತ್ತು. ಅರೆಬರೆ ಕೆಲಸ ಮಾಡುವ ಹುಳವೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಅಂತ ನನಗೆ ಅನ್ನಿಸುವುದು ಇದಕ್ಕೇ.

ಚೆನ್ನಾಗಿ ಕೆಲಸ ಮಾಡಿದರೂ ತಕರಾರು ಬರಬಹುದು. ಅಮೆರಿಕದ ನೈಋತ್ಯ ಭಾಗದಲ್ಲಿ ಹೊರಗಿನಿಂದ ಬಂದು ಹಬ್ಬಿದ ಟ್ಯಾಮರಿಸ್ಕ್ ಪೊದೆಗೆ 2001ರಲ್ಲಿ ಜೀರುಂಡೆ ಬಿಟ್ಟರು. ಆದರೆ ಅಳಿವಿನಂಚಿನ ನೊಣಹಿಡುಕ ಹಕ್ಕಿಯೊಂದು ಅಷ್ಟರಲ್ಲಿ ಅದೇ ಪೊದೆಯಲ್ಲಿ ಗೂಡು ಕಟ್ಟಲು ಕಲಿತಿತ್ತು. 2010ರಲ್ಲಿ ಸರ್ಕಾರ ಆ ಕಾರ್ಯಕ್ರಮ ನಿಲ್ಲಿಸಿತು. ಜೀರುಂಡೆಗೆ ಆ ಆದೇಶ ಗೊತ್ತಾಗುವುದಿಲ್ಲ, ಅದು ಹರಡುತ್ತಲೇ ಇದೆ.

ಒಮ್ಮೆ ಬಿಟ್ಟ ಹುಳವನ್ನು ವಾಪಸ್ ಪಡೆಯಬಹುದಾ?

ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಕಳೆನಾಶಕ, ಕೀಳುವುದು ಇವುಗಳ ಜೊತೆ ಹುಳ ಬಾಳುತ್ತದಾ?

ಜಾಗ್ರತೆಯಿಂದ ಮಾಡಿದರೆ ಬಾಳುತ್ತದೆ. ಇಡೀ ಕೆರೆಗೆ ಒಮ್ಮೆಗೇ ಔಷಧಿ ಹೊಡೆದರೆ ಗಿಡದ ಜೊತೆ ಅದರೊಳಗಿನ ಮರಿಹುಳಗಳೂ ಸಾಯುತ್ತವೆ. ಉಳಿದ ಬೀಜದಿಂದ ಕಳೆ ಮತ್ತೆ ಬರುತ್ತದೆ, ಹುಳ ಬರಲು ತಡವಾಗುತ್ತದೆ. ಅದಕ್ಕೇ ಒಂದಷ್ಟು ಭಾಗವನ್ನು ಹೊಡೆಯದೆ, ಕೀಳದೆ ಹುಳಕ್ಕೆ ಬಿಡುತ್ತಾರೆ. ಕಿತ್ತ ಗಿಡವನ್ನೂ ತಕ್ಷಣ ಸುಡಬಾರದು. ಹುಳ ತುಂಬಿದ ಗಿಡವಾದರೆ ಹುಳವಿಲ್ಲದ ಕಡೆ ಸಾಗಿಸಬಹುದು.

ಕಳೆ ಹೋದ ಜಾಗದಲ್ಲಿ ಏನು ಬರಬೇಕು ಅಂತಲೂ ಮೊದಲೇ ಯೋಚಿಸಿ. ಒಂದು ಕಳೆ ಬಿಟ್ಟ ಜಾಗವನ್ನು ಇನ್ನೊಂದು ಕಳೆ ಹಿಡಿಯುವುದು ತೀರಾ ಸಾಮಾನ್ಯ. ಹುಲ್ಲು ಬಿತ್ತುವುದು, ದನಗಳನ್ನು ಕೆಲಕಾಲ ದೂರ ಇಡುವುದು ಹುಳ ಮಾಡದ ಕೆಲಸಗಳು.

ಆ ಗಿಡ ಇನ್ಯಾರಿಗೋ ಬೇಕಾಗಿದ್ದರೆ?

ಜಗಳವಾಗುತ್ತದೆ. ಆಸ್ಟ್ರೇಲಿಯದಲ್ಲಿ ಎಕಿಯಮ್ ಅನ್ನುವ ನೇರಳೆ ಹೂವಿನ ಕಳೆ ಕುರಿ, ದನ ಸಾಕುವವರಿಗೆ ಶಾಪ, ಜೇನು ಸಾಕುವವರಿಗೆ ವರ. 1980ರಲ್ಲಿ ಆ ಗಿಡ ಬೇಕೆನ್ನುವವರು ಹುಳ ಬಿಡುವುದರ ವಿರುದ್ಧ ಕೋರ್ಟಿಗೆ ಹೋಗಿ ತಡೆ ತಂದರು. ಅದರಿಂದಲೇ 1984ರಲ್ಲಿ ಜೈವಿಕ ನಿಯಂತ್ರಣಕ್ಕೆ ಪ್ರತ್ಯೇಕ ಕಾನೂನು ಬಂತು. ಎರಡೂ ಕಡೆಯವರ ಲಾಭ ನಷ್ಟ ತೂಗಿ ನೋಡಲು ಒಂದು ದಾರಿ ಸಿಕ್ಕಿತು.

ನಾನೇ ಹುಳ ತಂದು ಬಿಡಬಹುದಾ?

ಹೊರದೇಶದಿಂದ ಖಂಡಿತ ಬೇಡ. ಅದು ಅಪರಾಧ ಮಾತ್ರವಲ್ಲ, ಹುಳದ ಜೊತೆ ಅದರ ರೋಗ, ಅದನ್ನು ತಿನ್ನುವ ಪರಾವಲಂಬಿಗಳೂ ಬಂದರೆ ಇರುವ ಒಳ್ಳೆಯ ಹುಳವೂ ಹೋಗುತ್ತದೆ. ಸಂಸ್ಥೆಗಳು ಮುಚ್ಚಿದ ಕೋಣೆಯಲ್ಲಿ ಒಂದೆರಡು ತಲೆಮಾರು ಸಾಕಿ ನೋಡುವುದು ಇದಕ್ಕೇ.

ಆಗಲೇ ಒಪ್ಪಿಗೆ ಪಡೆದು ನೆಲೆ ನಿಂತ ಹುಳವನ್ನು ಹತ್ತಿರದ ಜಾಗಕ್ಕೆ ಸಾಗಿಸುವ ಮಾತು ಬೇರೆ. ಅದಕ್ಕೂ ಸ್ಥಳೀಯ ಕೃಷಿ ವಿಜ್ಞಾನಿಗಳನ್ನು ಕೇಳಿ. ಬಿಡುವಾಗ ಹತ್ತು ಕಡೆ ಹತ್ತು ಹತ್ತು ಚೆಲ್ಲುವುದಕ್ಕಿಂತ ಒಂದೇ ಕಡೆ ಜಾಸ್ತಿ ಬಿಡಿ. ಚದುರಿದರೆ ಗಂಡಿಗೆ ಹೆಣ್ಣು ಸಿಗುವುದಿಲ್ಲ. ಗಿಡ ಎಳೆಯದಾಗಿ, ಹಸಿರಾಗಿ ಇರಲಿ, ಹೊತ್ತು ತಂಪಾಗಿರಲಿ. ಬಿಡುವ ಮೊದಲು ಜಾಗದ ಫೋಟೊ ತೆಗೆದು, ಒಂದು ಗೂಟ ನೆಟ್ಟು, ಪ್ರತಿ ವರ್ಷ ಅದೇ ತಿಂಗಳು ಅಲ್ಲೇ ನಿಂತು ಮತ್ತೆ ತೆಗೆಯಿರಿ. ಮೊದಲೆರಡು ವರ್ಷ ಫೋಟೊದಲ್ಲಿ ಏನೂ ಬದಲಾದಂತೆ ಕಾಣದಿದ್ದರೆ ಬಗ್ಗಿ ಎಲೆಯ ಅಡಿ ನೋಡಿ. ಮೊಟ್ಟೆ ಇದೆಯಾ, ಮರಿ ಇದೆಯಾ, ಕುಡಿ ಕಚ್ಚಿದ ಗುರುತಿದೆಯಾ? ಇದ್ದರೆ ಹುಳ ನೆಲೆ ನಿಂತಿದೆ, ಕಾಯಬಹುದು. ಬಹಳ ಕಡೆ ಹೀಗೆ ಐದರಿಂದ ಹತ್ತು ವರ್ಷ ಬೇಕಾಗುತ್ತದೆ. ಏನೂ ಸಿಗದಿದ್ದರೆ ಮುಂದಿನ ಮಳೆಗೆ ಇನ್ನೊಮ್ಮೆ ಬಿಡಿ.